ತಿರುವಿನ ಈಚೆಯ ಕಲ್ಲು

ಬೆಳಿಗ್ಗೆ ಹತ್ತು ಗಂಟೆಗೆ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸಿನ ಕುತ್ತಿಗೆಯಲ್ಲಿ ಬಟ್ಟೆ ಅಳೆಯುವ ಟೇಪು ಹಾಗೇ ನೇತಾಡುತ್ತಿತ್ತು. ಮನೆಯಿಂದ ಹೊರಡುವಾಗ ಅದನ್ನು ತೆಗೆದಿಡಬೇಕೆಂಬ ಎಚ್ಚರವೂ ಆಕೆಗೆ ಇದ್ದಂತಿರಲಿಲ್ಲ. ಬಾಗಿಲ ಪಕ್ಕದ ಮೇಜಿನಲ್ಲಿದ್ದ ದಫೇದಾರ ತಲೆಯೆತ್ತಿದ.

"ಏನಮ್ಮಾ?"

"ನಿನ್ನೆ ಸಂಜೆ ಹೆದ್ದಾರಿ ತಿರುವಲ್ಲಿ ಬಿದ್ದು ತೀರಿಕೊಂಡನಲ್ಲ, ಕರೆಂಟಿನ ಲೈನ್‌ಮನ್ನು. ನಾನು ಅವನ ಅಕ್ಕ."

ಆ ಪ್ರಕರಣ ಆಸ್ಪತ್ರೆಯ ಮಾಹಿತಿಯ ಮೇಲೆ ಆಗಲೇ ದಾಖಲಾಗಿತ್ತು. ಎಫ್‌ಐಆರ್ ಬರೆದವನೂ ದಫೇದಾರನೇ. ಬೈಕ್ ಸವಾರನು ಹೆಲ್ಮೆಟ್ ಧರಿಸದೆ, ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿ, ತಾನಾಗಿಯೇ ಬಿದ್ದು ಮೃತಪಟ್ಟಿರುತ್ತಾನೆ. ಇಂಥ ವಾಕ್ಯ ಅವನ ಕೈಗೆ ಎಷ್ಟು ರೂಢಿಯಾಗಿತ್ತೆಂದರೆ ಪೆನ್ನು ತನ್ನ ಪಾಡಿಗೆ ತಾನು ಬರೆದುಕೊಂಡು ಹೋಗುತ್ತಿತ್ತು. ಸತ್ತವನೇ ಆರೋಪಿಯಾದರೆ ಹುಡುಕುವ ತಾಪತ್ರಯವಿಲ್ಲ. ಅವನು ಬಂದು ತಕರಾರು ಎತ್ತುವುದೂ ಇಲ್ಲ.

"ಹೆಲ್ಮೆಟ್ ಇರ್ಲಿಲ್ಲ ಅಂತ ಬರೆದಿದ್ದೀರಂತೆ," ಎಂದಳು ಅಕ್ಕ. "ಇತ್ತು."

"ಅಲ್ಲಿ ಸಿಗ್ಲಿಲ್ಲಮ್ಮ."

"ಹುಡುಕಿದ್ರಾ?"

ದಫೇದಾರ ಮೇಜಿನ ಮೇಲಿದ್ದ ಸೀಲನ್ನು ಆ ಕಡೆಯಿಂದ ಈ ಕಡೆಗೆ ಸರಿಸಿದ.

"ಅದರ ಪಟ್ಟಿ ಕಿತ್ತುಹೋಗಿತ್ತು. ಹೊಸದು ತಗೊಳ್ಳೋ ಅಂದ್ರೆ ಇವತ್ತು ನಾಳೆ ಅಂತ ತಳ್ಳಿದ. ಕೊನೆಗೆ ನಾನೇ ಹೊಲಿದುಕೊಟ್ಟೆ, ನೀಲಿ ದಾರದಲ್ಲಿ. ಗಟ್ಟಿಯಾಗಿದೆ ನೋಡು ಅಂತ ಎಳೆದು ತೋರಿಸ್ದೆ." ಆಕೆ ತಟಕ್ಕನೆ ಮಾತು ಬದಲಿಸಿದಳು. "ಕಂಬ ಹತ್ತೋನು ಸಾರ್ ಅವನು. ಆತುರ ಅನ್ನೋದೇ ಗೊತ್ತಿರ್ಲಿಲ್ಲ. ಅವನ ಬೈಕಿನ ಹಿಂದೆ ಕೂತ್ರೆ ನಿದ್ದೆ ಬರುತ್ತೆ ಅಂತ ನಾನೇ ಆಡಿಕೊಳ್ತಿದ್ದೆ. ಅಪ್ಪ ಅಮ್ಮ ಹೋದಮೇಲೆ ನಾನು ಬೆಳೆಸಿದ ಹುಡುಗ. ಹೋದೋನು ಹೋದ. ಅವನ ತಪ್ಪು ಅಂತ ಮಾತ್ರ ಬರೀಬೇಡಿ."

ಒಳಗಿನ ಕೋಣೆಯಿಂದ ಇನ್ಸ್‌ಪೆಕ್ಟರ್ ಮೇಡಂ ಯಾವಾಗ ಬಂದು ನಿಂತಿದ್ದರೋ ದಫೇದಾರನಿಗೆ ತಿಳಿಯಲಿಲ್ಲ. ಅವರದು ಅಳೆದು ತೂಗಿ ಆಡುವ ಮಾತು.

"ದೂರು ಬರೆದುಕೊಳ್ಳಿ. ಆಮೇಲೆ ಜೀಪ್ ತೆಗೀರಿ. ಹಗಲಲ್ಲಿ ಒಂದ್ಸಲ ನೋಡೋಣ."

ಹನ್ನೊಂದೂವರೆಗೆ ಅವರು ತಿರುವಿನಲ್ಲಿದ್ದರು. ಎರಡೂ ಕಡೆ ಮುಳ್ಳಿನ ಪೊದೆ, ನಡುವೆ ಹೊಸದಾಗಿ ಟಾರು ಹಾಕಿದ ಕಪ್ಪು ರಸ್ತೆ. ಪಂಚನಾಮೆಗೆ ಸಾಕ್ಷಿಗಳಾಗಿ ಪಂಚರ್ ಅಂಗಡಿಯವನನ್ನೂ ಚಹಾ ಅಂಗಡಿಯವನನ್ನೂ ಕರೆತಂದಿದ್ದರು. ಹೆಲ್ಮೆಟ್ ಸಿಗಲು ಕಾಲು ಗಂಟೆಯೂ ಹಿಡಿಯಲಿಲ್ಲ. ಪೊದೆಯ ಒಳಗೆ ಮಗುಚಿಕೊಂಡು ಬಿದ್ದಿತ್ತು. ಪಟ್ಟಿಯ ಮೇಲಿನ ನೀಲಿ ದಾರವನ್ನು ದಫೇದಾರನೇ ಮೊದಲು ಕಂಡ. ನಿನ್ನೆ ಟಾರ್ಚ್ ಹಿಡಿದು ನಾಲ್ಕು ಹೆಜ್ಜೆ ಈ ಕಡೆ ಬಂದಿದ್ದರೆ ಸಾಕಿತ್ತು.

ಹೆಲ್ಮೆಟ್ಟಿನಿಂದ ಸ್ವಲ್ಪ ಆಚೆ, ಚರಂಡಿಯಲ್ಲಿ, ಒಂದು ಕರಿಗಲ್ಲು. ಕೊಡದಷ್ಟು ಗಾತ್ರ. ಅದರ ಒಂದು ಮಗ್ಗುಲಿಗೆ ಟೈರಿನ ರಬ್ಬರ್ ಉಜ್ಜಿದ ಗುರುತು. ರಸ್ತೆಯ ಮೇಲೆ, ಕಲ್ಲು ಮೊದಲು ಇದ್ದ ಜಾಗದಲ್ಲಿ, ಅದರಡಿಗೆ ಸಿಕ್ಕಿ ಅರೆದುಹೋದ ಹಸಿರೆಲೆಯ ಕಲೆ. ಸೊಪ್ಪಿನ ಕೊಂಬೆ ಗಾಳಿಗೆ ಹಾರಿ ಪೊದೆಗೆ ತಗುಲಿಕೊಂಡಿತ್ತು.

ತಿರುವು ದಾಟಿ ನಡೆದರೆ ಮಣ್ಣಿನಲ್ಲಿ ಜಾಕ್ ಊರಿದ ಗುಂಡಿ, ಒಡೆದ ಟೈರಿನ ಚೂರುಗಳು. ರಸ್ತೆಯಂಚಿನಿಂದ ಸಾಕಷ್ಟು ಒಳಗೆ, ಯಾರಿಗೂ ತೊಡಕಾಗದಂತೆ, ಏಳೆಂಟು ಕಲ್ಲುಗಳನ್ನು ಒಪ್ಪವಾಗಿ ಪೇರಿಸಿಟ್ಟಿದ್ದರು.

ಮೇಡಂ ಅವುಗಳ ಮುಂದೆ ಕುಕ್ಕರುಗಾಲಲ್ಲಿ ಕುಳಿತರು. "ಗಾಡಿ ಕೆಟ್ಟರೆ ಹಿಂದೆ ಬರೋರಿಗೆ ಗೊತ್ತಾಗ್ಲಿ ಅಂತ ಲಾರಿಯವರು ಕಲ್ಲು, ಸೊಪ್ಪು ಇಡ್ತಾರೆ. ರಿಪೇರಿ ಆದ್ಮೇಲೆ ಹಾಗೇ ಬಿಟ್ಟು ಹೋಗ್ತಾರೆ. ಇದು ಎಲ್ಲಾ ಕಡೆ ನೋಡಿದ್ದೇ. ಇವರು ಎತ್ತಿ ಜೋಡಿಸಿದ್ದಾರೆ. ಇಷ್ಟು ಮರ್ಯಾದಸ್ಥರು ಆ ಒಂದನ್ನ ಯಾಕೆ ಬಿಟ್ರು? ಅದೂ ಅಷ್ಟು ದೂರ, ತಿರುವಿನ ಈಚೆಗೆ ಯಾರು ಇಡ್ತಾರೆ?"

"ಗೊತ್ತಿಲ್ಲ ಮೇಡಂ," ಎಂದ ದಫೇದಾರ.

ಅವನಿಗೆ ಗೊತ್ತಿತ್ತು. ಪೊಲೀಸ್ ಕೆಲಸಕ್ಕೆ ಸೇರುವ ಮೊದಲು ಅವನು ಲಾರಿ ಚಾಲಕರ ತರಬೇತಿ ಕೇಂದ್ರದಲ್ಲಿ ಕಲಿತವನು. ಕಲಿಸಿದವರು ಮೇಷ್ಟ್ರು. ಸುತ್ತಲಿನ ಅರ್ಧ ಲಾರಿಗಳ ಸ್ಟೀರಿಂಗ್ ಹಿಡಿದಿರುವುದು ಅವರ ಶಿಷ್ಯರೇ. ಗಾಡಿ ತಿರುವಿನ ಆಚೆ ಕೆಟ್ಟರೆ ಮೊದಲ ಕಲ್ಲು ತಿರುವಿನ ಈಚೆ ಇರಬೇಕು, ತಿರುಗಿದ ಮೇಲೆ ಕಂಡು ಏನು ಪ್ರಯೋಜನ ಎಂದು ಅವರು ಬೈದು ಬೈದು ಕಲಿಸುತ್ತಿದ್ದರು. ಇಟ್ಟವನೇ ಎತ್ತಬೇಕು, ಎತ್ತುವ ತನಕ ಗಾಡಿ ಹೊರಡಬಾರದು. ಅದನ್ನಂತೂ ನಿದ್ದೆಯಲ್ಲಿ ಕೇಳಿದರೂ ಶಿಷ್ಯರು ಒಪ್ಪಿಸುತ್ತಿದ್ದರು.

ಮಧ್ಯಾಹ್ನ ಎರಡಕ್ಕೆ ಪಂಚನಾಮೆ ಮುಗಿಸಿ ಠಾಣೆಗೆ ಮರಳಿದಾಗ ಅಕ್ಕ ಅದೇ ಬೆಂಚಿನಲ್ಲಿದ್ದಳು. ಟೇಪನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ದಫೇದಾರ ಆಕೆಯನ್ನು ದಾಟಿ ತನ್ನ ಮೇಜಿಗೆ ಹೋಗಲಾರದೆ ಹೋದ. ನೇರ ಒಳಗೆ ಹೋಗಿ ಮೇಡಂ ಎದುರು ನಿಂತ.

"ಒಬ್ಬರು ಇಡ್ತಾರೆ ಮೇಡಂ. ನನಗೆ ವಿದ್ಯೆ ಕೊಟ್ಟೋರು."

ಮೇಡಂ ಅವನ ಮುಖ ನೋಡಿದರು. "ಬೆಳಿಗ್ಗೆ ಯಾಕೆ ಹೇಳ್ಲಿಲ್ಲ?"

"ಬಾಯಿ ಬರ್ಲಿಲ್ಲ."

ಸಂಜೆ ಇಬ್ಬರೂ ಹೋದ ತರಬೇತಿ ಕೇಂದ್ರದ ಅಂಗಳದಲ್ಲಿ ಸಾಲಾಗಿ ಡ್ರಮ್ಮುಗಳು, ಎಂಟರ ಆಕಾರದಲ್ಲಿ ಸವೆದ ನೆಲ. ಮೇಷ್ಟ್ರು ತಂಡದೊಂದಿಗೆ ರಸ್ತೆಗೆ ಹೋಗಿದ್ದರು. ಇವರು ಕಾಯುತ್ತ ಕುಳಿತ ತರಗತಿಯ ಗೋಡೆಯ ಮೇಲೆ, ಕೆಟ್ಟ ಗಾಡಿಯ ಹಿಂದೆ ಇಡುವ ಕೆಂಪು ಮಿನುಗು ತ್ರಿಕೋನವನ್ನು ಮೊಳೆ ಹೊಡೆದು ನೇತುಹಾಕಿದ್ದರು.

"ಇದು ಗಾಡಿಯಲ್ಲಿ ಇರ್ಬೇಕಲ್ವಾ?" ಎಂದು ಮೇಡಂ ಗುಮಾಸ್ತನನ್ನು ಕೇಳಿದರು.

"ಇರೋದು ಒಂದೇ ಮೇಡಂ. ಗಾಡಿಯಲ್ಲಿದ್ರೆ ಕಳೆದುಹೋಗುತ್ತೆ. ಪಾಠಕ್ಕೆ ಬೇಕಲ್ಲ, ಅದಕ್ಕೆ ಇಲ್ಲಿಟ್ಟಿದ್ದೀವಿ."

 ಮೇಡಂ ಅದನ್ನೂ ಬರೆದುಕೊಂಡರು.

ಆರೂಕಾಲಿಗೆ ಲಾರಿ ಬಂತು. ಸ್ಟೀರಿಂಗ್ ಹಿಡಿದಿದ್ದವನು ಬಟ್ಟೆ ಗಿರಣಿ ಮುಚ್ಚಿದ ಮೇಲೆ ಹೊಸ ಕಸುಬು ಹುಡುಕಿಕೊಂಡು ಬಂದ ನಡುವಯಸ್ಸಿನವನು. ಮೇಡಂ ಮೊದಲು ಅವನನ್ನೇ ಪಕ್ಕಕ್ಕೆ ಕರೆದರು.

"ನಿನ್ನೆ ಟೈರ್ ಒಡೀತಾ?"

"ಹೌದು ಮೇಡಂ, ತಿರುವು ದಾಟಿದ ಕೂಡ್ಲೆ. ಬದಲಿ ಟೈರಲ್ಲೂ ಗಾಳಿ ಇರ್ಲಿಲ್ಲ, ತುಂಬಿಸಿಕೊಂಡು ಬರೋಷ್ಟರಲ್ಲಿ ಹೊತ್ತು ಮುಳುಗಿತ್ತು."

"ಕಲ್ಲು ಇಟ್ಟಿದ್ದು ಯಾರು?"

"ಮೇಷ್ಟ್ರು."

"ತೆಗೆದಿದ್ದು?"

"ಅವರೇ. ನೀವೆಲ್ಲ ಹತ್ತಿ, ನಾನು ತೆಗೀತೀನಿ ಅಂದ್ರು. ಹತ್ತಿರದವು ತೆಗೆದಿದ್ದು ನಾನು ಕನ್ನಡಿಯಲ್ಲಿ ನೋಡ್ದೆ. ಆಮೇಲೆ ತಿರುವಿನ ಹಿಂದಕ್ಕೆ ಹೋದ್ರು. ಸುಮಾರು ಹೊತ್ತು ಬರ್ಲಿಲ್ಲ. ಬಂದಮೇಲೆ, ಎಲ್ಲಾ ತೆಗೆದ್ರಾ ಮೇಷ್ಟ್ರೇ ಅಂತ ಕೇಳ್ದೆ."

"ಏನಂದ್ರು?"

"ತೆಗೆದೆ, ನಡಿ ಅಂದ್ರು."

ಅಷ್ಟರಲ್ಲಿ ಮೇಷ್ಟ್ರು ಲಾರಿಯ ಇನ್ನೊಂದು ಬದಿಯಿಂದ ಇಳಿದು ಕಚೇರಿಯತ್ತ ನಡೆದಿದ್ದರು. ಬಿಳಿ ಅಂಗಿ, ನೆಟ್ಟಗಿನ ಬೆನ್ನು, ಹಿಂದಿನದೇ ಬಿರುಸು. ಬೆಳಕು ಹೋಗುತ್ತಿತ್ತು. ಡ್ರಮ್ಮುಗಳ ನಡುವೆ ಒಂದಕ್ಕೂ ತಾಗದೆ ಬಂದರು. ಆಮೇಲೆ, ಬೆಳಿಗ್ಗೆ ಅಲ್ಲಿ ಇಲ್ಲದಿದ್ದ, ಈಗ ಕಣ್ಣೆದುರೇ ನಿಂತಿದ್ದ ಪೊಲೀಸ್ ಜೀಪಿಗೆ ನೇರವಾಗಿ ಹೋಗಿ ಡಿಕ್ಕಿ ಹೊಡೆದರು.

ದಫೇದಾರ ಓಡಿಹೋಗಿ ಅವರ ತೋಳು ಹಿಡಿದ. ಹಿಡಿದವನಿಗೆ ಎಲ್ಲವೂ ತಿಳಿದುಹೋಯಿತು.

"ಯಾರಪ್ಪ?"

"ನಾನು ಮೇಷ್ಟ್ರೇ. ನಿಮ್ಮ ಹತ್ರ ಕಲಿತೋನು. ಕ್ಲಚ್ ತುಳಿಯೋಕೆ ಬರಲ್ಲ ಅಂತ ಬೈಸಿಕೊಳ್ತಿದ್ನಲ್ಲ."

"ಓ, ಕ್ಲಚ್ಚು." ಮೇಷ್ಟ್ರ ಮುಖದಲ್ಲಿ ನಗು ಮೂಡಿತು. ಕೈಗೆ ಖಾಕಿ ತೋಳು ತಗುಲಿದಾಗ ಅದು ಆರಿತು. "ಬಂದ್ರಾ? ಬೆಳಿಗ್ಗೆ ಸುದ್ದಿ ಕೇಳಿದಾಗಿನಿಂದ ಕಾಯ್ತಾ ಇದ್ದೆ. ನಾನೇ ಬರ್ಬೇಕಿತ್ತು. ಕಾಲು ಬರ್ಲಿಲ್ಲ."

ತರಗತಿಯಲ್ಲಿ ದೀಪ ಹಾಕಿ, ಎದುರಿಗೆ ಕೂರಿಸಿಕೊಂಡು ಮೇಡಂ ಕೇಳಿದರು.

"ಕಣ್ಣು ಎಷ್ಟು ದಿನದಿಂದ ಹೀಗೆ?"

"ಎರಡು ವರ್ಷ ಆಯ್ತು. ಹಗಲು ಪರವಾಗಿಲ್ಲ. ಹೊತ್ತು ಇಳಿದ್ರೆ ಮುಗೀತು."

"ವರ್ಷಾವರ್ಷ ಕಣ್ಣಿನ ಪರೀಕ್ಷೆ ಇರುತ್ತಲ್ಲ?"

"ಇವರೆಲ್ಲರ ಪರೀಕ್ಷೆಗೂ ಪಕ್ಕದಲ್ಲಿ ನಿಂತಿರೋನು ನಾನೇ ತಾನೆ. ಆ ಹಲಗೆಯ ಅಕ್ಷರ ಎಲ್ಲಾ ಬಾಯಿಪಾಠ. ಸಂಜೆ ಕಣ್ಣಿಗೆ ಅಲ್ಲಿ ಪರೀಕ್ಷೆಯೇ ಇಲ್ಲ."

"ನಿನ್ನೆ ಏನಾಯ್ತು?"

ಮೇಷ್ಟ್ರು ಮೇಜಿನ ಮೇಲೆ ಕೈಯಾಡಿಸಿದರು. "ತಿರುವಿನ ಹಿಂದಕ್ಕೆ ಹೋದೆ. ಟಾರೂ ಕಪ್ಪು, ಕಲ್ಲೂ ಕಪ್ಪು. ಸೊಪ್ಪು ಹಾರಿಹೋಗಿತ್ತು ಅಂತ ಕಾಣುತ್ತೆ. ಕಾಲಲ್ಲಿ ತಡವಿದೆ. ಒಂದು ಗಾಡಿ ಬಂತು, ಪಕ್ಕಕ್ಕೆ ಸರಿದೆ, ಆಮೇಲೆ ಎಲ್ಲಿದ್ದೆ ಅನ್ನೋದೇ ಗೊತ್ತಾಗ್ಲಿಲ್ಲ. ಟಾರ್ಚ್ ತನ್ನಿ ಅಂತ ಒಂದು ಕೂಗು ಹಾಕಿದ್ರೆ ಆಗ್ತಿತ್ತು. ಯಾಕೆ ಮೇಷ್ಟ್ರೇ, ಕಾಣ್ಸಲ್ವಾ ಅಂತ ಕೇಳಿಬಿಡ್ತಾರೆ ಅಂತ ಕೂಗ್ಲಿಲ್ಲ. ಯಾರೋ ಆಗಲೇ ಎತ್ತಿ ಹಾಕಿರ್ಬೇಕು ಅಂದುಕೊಂಡು ಬಂದುಬಿಟ್ಟೆ." ಅವರೇ ತಿದ್ದಿದರು. "ಅಂದುಕೊಳ್ಳಲಿಲ್ಲ. ಹಾಗಂತ ನನಗೆ ನಾನೇ ಹೇಳಿಕೊಂಡೆ."

ಸಂಜೆ ಏಳೂಕಾಲಿಗೆ ಬಂಧನದ ಪತ್ರಕ್ಕೆ ಅವರು ಸಹಿ ಹಾಕಿದರು. ಎಲ್ಲಿ ಹಾಕಬೇಕೆಂದು ದಫೇದಾರ ಬೆರಳಿಟ್ಟು ತೋರಿಸಬೇಕಾಯಿತು. ಹೊರಡುವ ಮುನ್ನ ಮೇಷ್ಟ್ರು ಗಿರಣಿಯವನನ್ನು ಕರೆದು, ಗೋಡೆಯ ಮೇಲಿನ ತ್ರಿಕೋನ ಕಿತ್ತು ಲಾರಿಗೆ ಹಾಕಲು ಹೇಳಿದರು. ಗುಮಾಸ್ತ ಬಾಯಿ ತೆರೆದವನು ಮೇಡಂ ಕಡೆ ನೋಡಿ ಮುಚ್ಚಿಕೊಂಡ.

ಮೇಡಂ ಜೀಪಿನ ಹಿಂದಿನ ಸೀಟಿನಲ್ಲಿ ಕುಳಿತರು, ಮೇಷ್ಟ್ರು ಮುಂದೆ, ದಫೇದಾರನ ಪಕ್ಕ. ಎಷ್ಟೋ ವರ್ಷ ಅವರು ಕೂತದ್ದು ಆ ಬದಿಯಲ್ಲೇ. ತರಬೇತಿ ಲಾರಿಯಲ್ಲಿ ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ.

"ತಿರುವು ಬಂತಾ?" ಎಂದು ಕೇಳಿದರು.

"ಬಂತು ಮೇಷ್ಟ್ರೇ."

ಜೀಪಿನ ಬರಿ ನೆಲದ ಮೇಲೆ ಮೇಷ್ಟ್ರ ಕಾಲು ಬಲವಾಗಿ ಒತ್ತಿಕೊಂಡಿತು. ದಫೇದಾರ ತನ್ನ ಬ್ರೇಕ್ ತುಳಿದ. ಹಾಗೆ ನಿಧಾನವಾಗಿ, ಕಲಿಯಲು ಬಂದ ಮೊದಲ ದಿನದಷ್ಟು ನಿಧಾನವಾಗಿ, ಅವರು ಆ ಜಾಗ ದಾಟಿದರು. "ಗಾಡಿಯಿಂದ ಇಳಿಸಿಬಿಡ್ತಾರೆ ಅಂತ ಹೆದರಿದೆ ಕಣಪ್ಪ," ಎಂದರು ಮೇಷ್ಟ್ರು, ಕೇಳದಿದ್ದರೂ. "ಇಳಿದ್ರೆ ನಾನು ಯಾರು ಅಂತ ನನಗೇ ಗೊತ್ತಿರ್ಲಿಲ್ಲ. ಅಷ್ಟಕ್ಕೆ ಒಬ್ಬರ ಮನೆ ದೀಪ ಆರಿಸ್ದೆ."

ಠಾಣೆಯಲ್ಲಿ ಅಕ್ಕನಿಗೆ ದಫೇದಾರನೇ ಓದಿ ಹೇಳಿದ. ನ್ಯಾಯಾಲಯಕ್ಕೆ ಹೋಗುವ ವರದಿಯಲ್ಲಿ ಮೃತನ ಹೆಸರು ಆರೋಪಿಯ ಜಾಗದಿಂದ ಹೋಗಿತ್ತು. ಮೃತನು ಹೆಲ್ಮೆಟ್ ಧರಿಸಿದ್ದನು, ಅತಿವೇಗಕ್ಕೆ ಯಾವ ಸಾಕ್ಷ್ಯವೂ ಇಲ್ಲ. ಆಕೆ ಇನ್ನೊಮ್ಮೆ ಓದಿಸಿದಳು. ಗೋಡೆಗೆ ಒರಗಿ ನಿಂತಿದ್ದ ಮುದುಕನನ್ನು ನೋಡಿದಳು. ಅವರು ಧ್ವನಿ ಬಂದ ಕಡೆಗೆ ಕೈಮುಗಿದಿದ್ದರು, ದಿಕ್ಕು ಸ್ವಲ್ಪ ತಪ್ಪಿತ್ತು. ಆಕೆ ಬೈಯಲಿಲ್ಲ, ಕ್ಷಮಿಸಿದೆ ಎಂದೂ ಅನ್ನಲಿಲ್ಲ. ಮೇಜಿನ ಮೇಲೆ ಸೀಲು ಮಾಡಿ ಇಟ್ಟಿದ್ದ ಹೆಲ್ಮೆಟ್ಟಿನ ಪೊಟ್ಟಣದ ಹತ್ತಿರ ಹೋದಳು. ಇಡೀ ದಿನ ಬಾಯಿಗೆ ಬಂದು ಒಳಗೆ ಹೋಗಿದ್ದ ಪ್ರಶ್ನೆ ಈಗ ಹೊರಬಂತು.

"ಸಾರ್, ಪಟ್ಟಿ ಎಲ್ಲಿ ಬಿಟ್ಟಿದೆ? ನನ್ನ ಹೊಲಿಗೇನಾ?"

ದಫೇದಾರ ಪಂಚನಾಮೆಯ ಹಾಳೆ ತಿರುವಿ, ತಾನೇ ಬರೆದಿದ್ದ ಸಾಲಿನ ಮೇಲೆ ಬೆರಳಿಟ್ಟ.

"ಇಲ್ಲಕ್ಕ. ಬಕಲ್ ಒಡೆದಿದೆ. ನಿಮ್ಮ ಹೊಲಿಗೆ ಒಂದು ಎಳೆಯೂ ಬಿಟ್ಟಿಲ್ಲ."

ಆಗ ಆಕೆ ಕುತ್ತಿಗೆಯ ಟೇಪನ್ನು ತೆಗೆದು ಮಡಿಲಲ್ಲಿಟ್ಟುಕೊಂಡು, ಬೆಂಚಿನ ಮೇಲೆ ಕುಳಿತು, ತಮ್ಮ ಸತ್ತ ಮೇಲೆ ಮೊದಲ ಬಾರಿಗೆ ಅತ್ತಳು.