ಎಡಗೈ ಗಂಟು

ತಲೆಯ ಆಪರೇಷನ್ ಆಗಿ ನಾನು ಆಸ್ಪತ್ರೆಯಲ್ಲಿದ್ದಾಗಲೇ ನಮ್ಮಣ್ಣ ಧರೆಪ್ಪ ತೀರಿಕೊಂಡ. ನನಗೆ ಯಾರೂ ಹೇಳಲಿಲ್ಲ. ಅವನ ಮಣ್ಣಿಗೂ ಹೋಗಲಾಗಲಿಲ್ಲ. ಆ ಸಂಕಟ ಇನ್ನೂ ಆರಿಲ್ಲ.

ಬನಹಟ್ಟಿಗೆ ಮರಳಿದ ಮೇಲೆ ಮೊನ್ನೆ ಮೊದಲ ಸಲ ಮಗ್ಗದ ಮುಂದೆ ನಿಂತೆ. ಬೆರಳು ನಡುಗಿ, ಕಡಿದ ಎಳೆಗೆ ಗಂಟು ಹಾಕಲು ಆಗಲೇ ಇಲ್ಲ. ಸಿಟ್ಟು ಬಂದು ಅಡುಗೆಮನೆಗೆ ಹೋಗಿ ಚಹಾ ಕುಡಿದು ಬಂದೆ. ಎಳೆಗೆ ಗಂಟು ಬಿದ್ದಿತ್ತು, ಎಡಕ್ಕೆ ತಿರುವಿದ ಗಂಟು. ನಮ್ಮ ಮನೆಯಲ್ಲಿ ಎಡಚ ಅಣ್ಣನೊಬ್ಬನೇ.

"ಲೇ ಹಾಲವ್ವ, ನನ್ನ ಮಗ್ಗಕ್ಕ ಯಾಕ ಕೈ ಹಚ್ಚಿದಿ?" ಎಂದು ಹೆಂಡತಿಗೆ ಗದರಿದೆ.

"ಹಂಗಾರ ನಿಮಗ ಈಗ ಚಾ ಕೊಟ್ಟಾಕಿ ಯಾರ್ರಿ, ನಮ್ಮವ್ವನಾ?"

ಮನೆಯಲ್ಲಿ ಇದ್ದವರು ನಾವಿಬ್ಬರೇ.

ಧರೆಪ್ಪ ಎಂಜಲು ಹಚ್ಚಿಯೇ ಎಳೆ ಹೊಸೆಯುತ್ತಿದ್ದ. ಗಂಟು ಮುಟ್ಟಿ ನೋಡಿದೆ. ಇನ್ನೂ ಹಸಿಯಾಗಿತ್ತು.