ಅಂಬಿಕಾ ಅಳಿಸಿದ ಮುಖ

"ಅಯ್ಯೋ... ಬ್ಯಾಡ್ರಿ! ಅದನ್ನ ತೆಗೀಬ್ಯಾಡ್ರಿ!"

ಬೆನ್ನ ಹಿಂದಿನ ಕೂಗಿಗೆ ಅಂಬಿಕಾಳ ಕೈ ಮೌಸ್ ಮೇಲೇ ನಿಂತಿತು. ತಿರುಗಿ ನೋಡಿದರೆ ಸ್ಟುಡಿಯೋ ಬಾಗಿಲಲ್ಲಿ ಒಬ್ಬ ವಿದೇಶಿ! ಗುಂಗುರು ಕೂದಲು, ಹೆಗಲಲ್ಲಿ ಕ್ಯಾಮೆರಾ ಚೀಲ, ಬಾಯಲ್ಲಿ ಮಾತ್ರ ಅಪ್ಪಟ ಹರಿಹರದ ಕನ್ನಡ.

ದಾವಣಗೆರೆಯ ವಿನೋಬನಗರದ ಆ ಇಕ್ಕಟ್ಟಿನ ಸ್ಟುಡಿಯೋದಲ್ಲಿ ಅಂಬಿಕಾ ದಿನವಿಡೀ ಕೂತು ಮಂದಿಯ ಮದುವೆ ವಿಡಿಯೋ ಎಡಿಟ್ ಮಾಡುತ್ತಿದ್ದಳು. ಆಗ ಪರದೆಯ ಮೇಲೆ ಮದುಮಗಳ ತಾಯಿ ಬಾಯ್ತುಂಬ ಆಕಳಿಸುತ್ತಿದ್ದರು.

"ಯಾರ್ರೀ ನೀವು? ಮದುವೆ ವಿಡಿಯೋದಾಗ ಆಕಳಿಕೆ ಬಿಟ್ರೆ ಬೀಗ್ರು ನನ್ನ ಸುಮ್ನೆ ಬಿಡ್ತಾರಾ?"

"ಆಯಮ್ಮ ನಿದ್ದೆಗೆಟ್ಟಿದ್ದು ಮಗಳ ಸಲುವಾಗಿ ಅಲ್ವೇನ್ರಿ? ಅದು ಪ್ರೀತಿ ರೀ..."

ಅವನ ಕಣ್ಣೆದುರಿಗೇ ಅಂಬಿಕಾ ಪಟ್ಟನೆ ಬಟನ್ ಒತ್ತಿದಳು. ಆಕಳಿಕೆ ಮಾಯ! ಬೀಳ್ಕೊಡುವಾಗಿನ ಕಣ್ಣೀರು ಇರಬಹುದು, ಸೋತ ಮುಖ ಮಾತ್ರ ಇರಬಾರದು. ಈ ಕಸುಬಿನಲ್ಲಿ ಅವಳು ಕಲಿತ ಮೊದಲ ಪಾಠವೇ ಅದು.

ಮಾಲೀಕ ಕೊಟ್ರೇಶ್ ಹಲ್ಲು ಕಿರಿಯುತ್ತಾ ಒಳಬಂದ. "ಇವರು ರೊಹೆಲಿಯೊ ಅಂತ, ಮೆಕ್ಸಿಕೋದೋರು. ಹರಿಹರದ ಹೊಳೆ ದಂಡೆ ಮ್ಯಾಲೆ ಒಂದು ಕಿರುಚಿತ್ರ ಮಾಡ್ತಾ ಅದಾರೆ. ಎಡಿಟಿಂಗ್ ನಿಂದೇ ಅಂಬಿಕಾ."

'ಒಳ್ಳೆ ಕಥೆ ಆಯ್ತಲ್ಲ ನಂದು!' ಎಂದುಕೊಂಡಳು ಅಂಬಿಕಾ. ಆದರೂ ಆ ಕಂದು ಕಣ್ಣುಗಳು ತನ್ನನ್ನೇ ನೋಡುತ್ತಿವೆ ಅನ್ನಿಸಿ ಎದೆ ಯಾಕೋ ಢವಢವ ಎಂದಿತು.

ಅವಳ ಬದುಕಾದರೂ ಎಂಥದ್ದು ಹೇಳಿ? ಮದುವೆಯಾದ ವರ್ಷದೊಳಗೇ ಗಂಡ ಇನ್ನೊಬ್ಬಳ ಹಿಂದೆ ಹೋದ. ಮನೆಯಲ್ಲಿ ಮಂಡಿನೋವಿನ ತಾಯಿ ಕಮಲಕ್ಕ. ಬೆಳಗೆದ್ದು ಅಡುಗೆ, ಆಮೇಲೆ ಈ ಪರದೆ, ಕಣ್ಣುರಿ, ಮತ್ತೆ ಅಡುಗೆ. ಹಾಸಿಗೆಗೆ ಬಿದ್ದರೂ ಆಯಾಸ ಹೋಗುತ್ತಿರಲಿಲ್ಲ. 'ಸಾಕಪ್ಪಾ...' ಎನ್ನುವುದು ಅವಳ ಉಸಿರೇ ಆಗಿಬಿಟ್ಟಿತ್ತು.

ಅಂಥವಳನ್ನೂ ನಗಿಸಿದ ಪುಣ್ಯಾತ್ಮ ಅವನು! ಕೆಲಸದ ನಡುವೆ ಮಂಡಕ್ಕಿ ಮಿರ್ಚಿ ತಿನ್ನುತ್ತಾ ತನ್ನ ಕಥೆ ಹೇಳುತ್ತಿದ್ದ. ಅವನ ಊರು ಮೆಕ್ಸಿಕೋದ ಪ್ವೆಬ್ಲಾ ನಗರದ ಹತ್ತಿರ. ಅಲ್ಲಿ ಹುಡುಗಿಗೆ ಹದಿನೈದು ತುಂಬಿದರೆ ಮದುವೆಯಷ್ಟೇ ದೊಡ್ಡ ಸಂಭ್ರಮವಂತೆ. ಅದರ ವಿಡಿಯೋ ತೆಗೆಯುವುದೇ ಅಪ್ಪನ ಕಸುಬು, ಲೈಟು ಹಿಡಿಯುತ್ತಲೇ ಇವನು ಬೆಳೆದದ್ದು. ದೊಡ್ಡವನಾಗಿ ರಾಜಧಾನಿಯ ಸಿನಿಮಾ ಶಾಲೆ ಸೇರಿದ.

"ಮೊದಲನೇ ವರ್ಷ ಕ್ಯಾಮೆರಾ ಮುಟ್ಟಾಕೇ ಬಿಡಲಿಲ್ಲ ರೀ. ಸಂತ್ಯಾಗ ಕೂತು ಮಂದಿ ಮುಖ ನೋಡು ಅಂದ್ರು."

"ಮಂದಿ ಮುಖ ನೋಡಾಕೆ ಶಾಲೆ ಬೇರೆ ಬೇಕಾ? ನಮ್ಮ ಓಣಿ ಕಟ್ಟೆ ಮ್ಯಾಲೆ ಕೂತಿದ್ರೆ ಸಾಕಿತ್ತು!"

ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಸಣ್ಣ ಚಿತ್ರಗಳಲ್ಲಿ ಮೈಕ್ ಹಿಡಿದು, ಆಮೇಲೆ ತನ್ನದೇ ಒಂದು ಕಿರುಚಿತ್ರ ಮಾಡಿ, ಅದಕ್ಕೆ ಸಿಕ್ಕ ಪ್ರವಾಸದ ಅವಕಾಶದಲ್ಲಿ ಅವನು ಇಲ್ಲಿಗೆ ಬಂದಿದ್ದ. ಹರಿಹರದಲ್ಲಿ ಜೈನಾಬಿಯವರ ಮನೆಯ ಮಹಡಿ ಮೇಲೆ ಬಾಡಿಗೆಗಿದ್ದ. ಕನ್ನಡ ಕಲಿಸಿದ್ದೂ ಅವರೇ.

ಅಂಬಿಕಾ ಶೂಟಿಂಗಿಗೂ ಹೋಗತೊಡಗಿದಳು. ಹಾಗೆ ಹೋದ ಒಂದು ಸಂಜೆಯ ಮರುದಿನವೇ ಎಡವಟ್ಟಾಯಿತು ನೋಡಿ!

ಅವನು ಸ್ಟುಡಿಯೋದಿಂದ ಒಯ್ದಿದ್ದ ಕ್ಯಾಮೆರಾ ಕಾರ್ಡಿನಿಂದ ದೃಶ್ಯಗಳನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದವಳ ಕಣ್ಣಿಗೆ ಅವಳದೇ ಮುಖ ಬಿತ್ತು. ಹೊಳೆಯ ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು, ಗಲ್ಲಕ್ಕೆ ಕೈಕೊಟ್ಟು ಕೂತಿದ್ದಾಳೆ. ಕೆದರಿದ ಕೂದಲು, ಕಣ್ಣಡಿ ಕಪ್ಪು...

'ನನ್ನಲ್ಲಿ ಇವನಿಗೆ ಕಂಡಿದ್ದು ಇದೇನಾ? ಪಾಪದ ಹೆಂಗಸು ಅಂತ ಹೊರದೇಶದವರಿಗೆಲ್ಲ ತೋರಿಸ್ತಾನಾ?'

"ಅಂಬಿಕಾ, ಕಾರ್ಡ್ ಖಾಲಿ ಮಾಡಿ ಕೊಡವ್ವ! ಹದಡೀಲಿ ಮದುವೆ ಐತೆ!" ಕೊಟ್ರೇಶ್ ಕೂಗಿದ.

ಬೇರೆಲ್ಲವನ್ನೂ ಇಳಿಸಿಕೊಂಡಳು. ಅದೊಂದನ್ನು ಬಿಟ್ಟಳು. ಕಾರ್ಡ್ ಖಾಲಿ ಮಾಡಿ ಕೊಟ್ಟೇಬಿಟ್ಟಳು!

ಮಧ್ಯಾಹ್ನ ಬಂದ ರೊಹೆಲಿಯೊ ಹುಡುಕಿದ, ಮತ್ತೆ ಮತ್ತೆ ಹುಡುಕಿದ. "ಮೆಟ್ಟಿಲ ಮ್ಯಾಲಿಂದು... ಎಲ್ಲಿ?"

"ಅಳಿಸಿದೆ. ನನ್ನ ಸುಸ್ತು ನಿಮ್ಮ ಸಿನಿಮಾಕ್ಕೆ ಸರಕಲ್ಲ ರೀ!"

ಅವನ ಮುಖ ಬಿಳಿಚಿಕೊಂಡಿತು. ಬಾಗಿಲಲ್ಲಿ ನಿಂತು, "ಉಳಿದಿದ್ದು ಮುಗಿಸಿಬಿಡ್ರಿ. ಶನಿವಾರ ಮೆಕ್ಸಿಕೋಕ್ಕೆ ಹೊರಡ್ತೀನಿ," ಎಂದಷ್ಟೇ ಹೇಳಿ ಹೋದ.

'ಹೋದರೆ ಹೋಗಲಿ! ಬಿಟ್ಟು ಹೋಗುವವರು ನನಗೇನು ಹೊಸಬರಾ?' ಎಂದು ಬೈದುಕೊಳ್ಳುತ್ತಲೇ ಅವಳು ಚಿತ್ರವನ್ನು ಜೋಡಿಸಲು ಕೂತಳು.

ಹೂ ಮಾರುವಾಕೆ ಬುಟ್ಟಿಗೆ ಒರಗಿ ತೂಕಡಿಸುತ್ತಿದ್ದಾಳೆ. ಜೈನಾಬಿಯ ಗಂಡ ಶಬ್ಬೀರ್ ಸಾಹೇಬರು ಗುಜರಿ ಗಾಡಿ ನಿಲ್ಲಿಸಿ ಬೆವರು ಒರೆಸುತ್ತಿದ್ದಾರೆ. ಜೈನಾಬಿ ರೊಟ್ಟಿ ತಟ್ಟಿ ಮುಗಿಸಿ ಗೋಡೆಗೆ ಆತುಕೊಂಡಿದ್ದಾರೆ. ಎಲ್ಲರೂ ದಣಿದವರೇ. ಆದರೆ ಒಬ್ಬರಾದರೂ ಪಾಪದವರಾಗಿ ಕಾಣುತ್ತಿಲ್ಲ! ಎಷ್ಟು ಚಂದ ಇದ್ದಾರೆ ಎಲ್ಲರೂ...

ಅವನು ಬರೆದಿಟ್ಟಿದ್ದ ದೃಶ್ಯಗಳ ಪಟ್ಟಿಯಲ್ಲಿ ಕೊನೆಯದು 'ಮೆಟ್ಟಿಲ ಮೇಲೆ ಅಂಬಿಕಾ'. ಚಿತ್ರದ ಕೊನೆಯಲ್ಲಿ ಮಾತ್ರ ಖಾಲಿ ಜಾಗ. ಅಲ್ಲಿ ಇರಬೇಕಾದದ್ದು ಅವಳೇ.

"ಅಯ್ಯೋ ದೇವರೇ... ಎಂಥ ಕೆಲಸ ಮಾಡಿದೆ!"

ಮುಖವನ್ನೂ ತೊಳೆಯದೆ ಅಂಬಿಕಾ ಹರಿಹರದ ಬಸ್ಸು ಹತ್ತಿದಳು.

ಅವನು ಹೊಳೆಯ ದಂಡೆಯಲ್ಲೇ ಇದ್ದ. ಬಂದವಳನ್ನು ನೋಡಿ ಎದ್ದು ನಿಂತ. ಏದುಸಿರು ಬಿಡುತ್ತಾ ಅವಳು ಕೇಳಿದಳು, "ಯಾಕ ನನ್ನನ್ನ ಕೊನೇಗೆ ಇಟ್ಟಿದ್ರಿ?"

ಅವನು ಹೇಳಿದ. "ಅಪ್ಪ ವಿಡಿಯೋ ತೆಗೀತಿದ್ದ ಅಂದಿದ್ದೆ. ಎಡಿಟ್ ಮಾಡ್ತಿದ್ದೋಳು ನಮ್ಮವ್ವ. ತನ್ನ ಮುಖ ಎಲ್ಲಿ ಬಂದ್ರೂ ಕತ್ತರಿಸ್ತಿದ್ಲು, ಸುಸ್ತಾಗಿ ಕಾಣ್ತೀನಿ ಅಂತ. ಅವಳು ಸತ್ತಮ್ಯಾಲೆ ಎಲ್ಲಾ ಟೇಪು ಹುಡುಕಿದೆ ರೀ... ಒಂದರಾಗೂ ನಮ್ಮವ್ವ ಇಲ್ಲ."

ಅಂಬಿಕಾ ಅವನ ಹತ್ತಿರಕ್ಕೆ ಬಂದು ನಿಂತಳು.

"ನೀವು ಇಲ್ಲಿ ಕೂತಾಗ, ಈ ಮುಖನೂ ಕಳಕೊಂಡ್ರೆ ಹೆಂಗೆ ಅನ್ನಿಸ್ತು. ಆದ್ರೆ ಕೇಳದೆ ತೆಗೆದಿದ್ದು ನನ್ನದೇ ತಪ್ಪು."

"ನಾನು ಅಳಿಸೇಬಿಟ್ಟೆನಲ್ರೀ..." ಅವಳು ಬಿಕ್ಕಿದಳು. ಎಷ್ಟೋ ವರ್ಷಗಳಿಂದ ತಡೆದಿದ್ದ ಅಳು ಅದು. ಅವನು ಪಕ್ಕದಲ್ಲೇ ನಿಂತಿದ್ದ.

ಕಣ್ಣೊರೆಸಿಕೊಂಡು ಅವಳು ಹೇಳಿದಳು, "ಬೆಳಗ್ಗೆ ಬರ್ತೀನಿ, ಮತ್ತೆ ತೆಗೀರಿ. ಪೌಡರ್ ಹಚ್ಚಲ್ಲ, ಹಿಂಗೇ ಬರ್ತೀನಿ. ಆದ್ರೆ ಒಂದು ಕೇಳ್ತೀನಿ, ಸುಳ್ಳು ಹೇಳಬ್ಯಾಡ್ರಿ. ನಾನು ಗಂಡ ಬಿಟ್ಟೋಳು. ದಿನಾ ಹಿಂಗೇ ಸೋತಿರ್ತೀನಿ. ನಿಮಗೆ ಬೇಕಾಗಿದ್ದು ಈ ಮುಖ ಅಷ್ಟೇನಾ?"

"ನೀವು ಬೇಕು ಅಂಬಿಕಾ. ನನಗೆ ನೀವಂದ್ರೆ ಪ್ರಾಣ."

ಹೊಳೆಯ ಮೇಲಿಂದ ತಣ್ಣಗೆ ಗಾಳಿ ಬೀಸಿತು. ಇಬ್ಬರೂ ಮೆಟ್ಟಿಲ ಮೇಲೆ ಕೂತರು.

"ಒಂದು ಗಳಿಗೆ ನಿಮ್ಮ ಭುಜಕ್ಕೆ ಒರಗ್ಲಾ? ಬಾಳ ದಣಿದೀನಿ..."

"ಒರಗ್ರಿ."

"ಮಂದಿ ನೋಡ್ತಾರೆ."

"ನೋಡ್ಲಿ ಬಿಡ್ರಿ."

ಅವಳು ಕಣ್ಣು ಮುಚ್ಚಿದಳು. ತಕ್ಷಣ ಮತ್ತೆ ತೆರೆದಳು.

"ನನಗೆ ಎಚ್ಚರ ಆದಾಗ ನೀವು ಇರ್ತೀರಾ? ಶನಿವಾರ...?"

"ಶನಿವಾರನೂ ಇರ್ತೀನಿ. ಮಲಗ್ರಿ ನೀವು."