ಆರು ಅಂಕಿ

ನಾಲ್ಕು ತಿಂಗಳು ಮಾತು ಬಿಟ್ಟಿದ್ದವಳು ಫೋನ್ ಮಾಡಿ ಮೊದಲು ಕೇಳಿದ್ದು ಹೇಗಿದ್ದೀಯ ಅಂತಲ್ಲ.

"ಓಟಿಪಿ ಬಂತೇನು?" ಅಂದಳು ಉಮಾದೇವಿ.

ದೇವದುರ್ಗದ ಹತ್ತಿರ ನಾಲೆ ದುರಸ್ತಿಯ ಕೆಲಸ ನೋಡಿಕೊಳ್ಳುತ್ತಿದ್ದ ಅಮರೇಶ ಫೋನನ್ನೇ ದಿಟ್ಟಿಸಿದ. ಹೌದು, ಈಗಷ್ಟೇ ಆರು ಅಂಕಿಯ ಮೆಸೇಜ್ ಬಂದಿತ್ತು, ಎಂ.ಟೆಕ್ ಸೀಟಿನ ಅರ್ಜಿಯದು. ಅರ್ಜಿಗೆ ಇವತ್ತೇ ಕಡೆಯ ದಿನ, ಸಂಜೆ ಐದರವರೆಗೆ ಮಾತ್ರ. ಅದು ಗೊತ್ತಿದ್ದೂ ಗೊತ್ತಿಲ್ಲದವನಂತೆ ಬೆಳಿಗ್ಗೆಯಿಂದ ಕಾಂಕ್ರೀಟ್ ಹಾಕಿಸುತ್ತಿದ್ದ.

"ಬಂದದ. ನಿನ್ನ ಫಾರ್ಮಿನಾಗಿಂದ ನನ್ನ ನಂಬರ್ ತಗದು ಹಾಕಾಕ ಪುರುಸೊತ್ತು ಸಿಗಲಿಲ್ಲೇನು?"

"ಓಟಿಪಿಗೆ ಹತ್ತು ನಿಮಿಷ ಅಷ್ಟ ಟೈಮ್ ಅದ. ಹೇಳು."

ಆ ಕಡೆ ಗಂಡಸಿನ ದನಿ ಕೇಳಿತು. "ಏನಂತಾನ?"

ಗೌತಮ. ಆ ದನಿ ಅಮರೇಶನಿಗೆ ಚೆನ್ನಾಗಿ ಗೊತ್ತಿತ್ತು.

ಎರಡು ವರ್ಷದ ಹಿಂದೆ ಅಮರೇಶನೂ ಉಮಾದೇವಿಯೂ ಎಂ.ಟೆಕ್ ಪ್ರವೇಶದ ಗೇಟ್ ಪರೀಕ್ಷೆಯನ್ನು ಒಟ್ಟಿಗೇ ಬರೆದಿದ್ದರು. ಅವಳು ಈಗ ಕೂತಿದ್ದ ರಾಯಚೂರಿನ ಇದೇ ಆನ್‌ಲೈನ್ ಸೆಂಟರಿನಲ್ಲಿ, ಇಬ್ಬರ ಫೋಟೋ, ಸಹಿ, ಮಾರ್ಕ್ಸ್‌ಕಾರ್ಡನ್ನೆಲ್ಲ ಒಂದೇ ಪೆನ್‌ಡ್ರೈವಿಗೆ ತುಂಬಿ ಎರಡಕ್ಕೂ ಅವನದೇ ಮೊಬೈಲ್ ನಂಬರ್ ಕೊಟ್ಟು ಫಾರ್ಮ್ ಹಾಕಿದ್ದರು. ಅವನ ಸ್ಕೋರು ಆರುನೂರ ನಲವತ್ತು, ಅವಳದು ಮುನ್ನೂರ ತೊಂಬತ್ತು. "ಹೋದ್ರ ಇಬ್ಬರೂ ಹೋಗೂನು" ಎಂದು ಅವನು ಸ್ಕೋರ್‌ಕಾರ್ಡನ್ನು ಟ್ರಂಕಿಗೆ ಹಾಕಿ ಕೆಲಸಕ್ಕೆ ಸೇರಿದ. ಮೂರು ವರ್ಷ ನಡೆಯುವ ಸ್ಕೋರು, ಅವಸರವೇನಿತ್ತು?

ಅವಳು ಮತ್ತೆ ಬರೆದಳು. ಸಾಲಲಿಲ್ಲ. ಮೂರನೇ ಸಲಕ್ಕೆ ಪಾಠ ಹೇಳಿಕೊಡಲು ಗೌತಮ ಬಂದ. ವಾರಂಗಲ್‌ನಲ್ಲಿ ಓದಿ ಬಂದವನು, ಇಸ್ತ್ರಿ ಮುರಿಯದ ಅಂಗಿಯವನು.

ಜನವರಿಯಲ್ಲಿ ಅಮರೇಶ ಅವಳಿಗೆಂದು ಮಿರ್ಚಿ ಭಜಿ ಕಟ್ಟಿಸಿಕೊಂಡು ರಾಯಚೂರಿಗೆ ಹೋದರೆ, ಲೈಬ್ರರಿಯ ಮೆಟ್ಟಿಲ ಮೇಲೆ ಅವಳು ಗೌತಮನ ಮಾತಿಗೆ ದುಪಟ್ಟಾದ ತುದಿ ಬಾಯಿಗೊತ್ತಿ ನಗುತ್ತಿದ್ದಳು. ಆ ನಗು ತನ್ನೊಬ್ಬನ ಸೊತ್ತು ಅಂದುಕೊಂಡಿದ್ದ ಪುಣ್ಯಾತ್ಮ. ಆಡಬಾರದ್ದನ್ನೆಲ್ಲ ಆಡಿ, ಮಿರ್ಚಿಯನ್ನು ಅವಳ ಕಣ್ಣೆದುರೇ ವಾಪಸ್ ಎತ್ತಿಕೊಂಡು, ಬಸ್ಸಿನಲ್ಲಿ ತಾನೇ ತಿಂದು ವಾಪಸ್ಸಾದ.

"ಮೊದಲ ಚಾಯ್ಸ್ ಯಾವುದು? ವಾರಂಗಲ್ಲೇನು?" ಈಗ ಕೇಳಿದ.

"ಹೂಂ."

"ನನಗ ಗೊತ್ತಿತ್ತು. ಗೌತಮ ಸಾಹೇಬ್ರ ಕಾಲೇಜು."

"ಬ್ಯಾರೆ ಕಾಲೇಜಿಗಿಂತ ನಮ್ಮೂರು ಮಾನ್ವಿಗೆ ಹತ್ರ ಆಗ್ತದ, ನಮ್ಮವ್ವನ್ನ ನೋಡಾಕ ಬರಬಹುದು ಅಂತ ಅದನ್ನ ಆರಿಸಿದಾಂವ ನೀನ. ಮರತಿ."

ಅವನು ಮೆಸೇಜ್ ತೆರೆದು ನೋಡಿದ. ಅಂಕಿಗಳು ಕಣ್ಣೆದುರಿಗೇ ಇದ್ದವು, ಓದಿ ಹೇಳುವ ಮನಸ್ಸಾಗಲಿಲ್ಲ. ಮೇಸ್ತ್ರಿ ತಾಯಣ್ಣ ಬಂದು, "ಸಾಹೇಬ್ರ, ಕಾಂಕ್ರೀಟ್ ಮಾಲು ಗಟ್ಟಿ ಆಗಾಕತ್ತದರೀ" ಅಂದ. ಕೈಸನ್ನೆ ಮಾಡಿ ಅವನನ್ನು ಆಚೆ ಕಳಿಸಿದ.

"ಹೋತು. ಟೈಮ್ ಮುಗೀತು." ಅವಳ ದನಿ ನಡುಗಿತು. "ನಾಲ್ಕೂವರಿ ಆತು, ಅಮರೇಶ."

ಆ ನಡುಕ ಕೇಳಿದ್ದೇ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಮೂರು ಸಲ ಪರೀಕ್ಷೆ ಬರೆದ ಹುಡುಗಿಯ ಸೀಟನ್ನು ಹೊಟ್ಟೆಕಿಚ್ಚಿಗೆ ಸುಡುವುದೇ?

"ಮತ್ತ ಕಳಿಸು, ಹೇಳ್ತೀನಿ. ನಿನ್ನ ಬಾಳು ನಾ ಯಾಕ ಕೆಡಿಸ್ಲಿ. ಅವನ ಜೋಡಿ ಚಂದಾಗಿರು."

"ನನ್ನ ಫಾರ್ಮ್ ಮುಂಜಾನೆನ ಮುಗೀತು. ನನ್ನ ನಂಬರ್ ಮ್ಯಾಲೆ," ಅಂದಳು. "ಇದು ನಿಂದು. ನಿನ್ನ ಆರುನೂರ ನಲವತ್ತು ಈ ವರ್ಷಕ್ಕ ಖತಮ್ ಆಗ್ತದ. ಪೆನ್‌ಡ್ರೈವ್ ನನ್ನ ಹತ್ರನ ಇತ್ತು, ಅದಕ್ಕ ಫಾರ್ಮ್ ತುಂಬಿದೆ. ನನಗೂ ಈ ಸಲ ಆರುನೂರ ಐವತ್ತು ಬಂದದ. ನಿನಗ ಬ್ಯಾಡಂದ್ರ ಓಟಿಪಿ ಕೊಡಬ್ಯಾಡ."

ಅಮರೇಶ ಸಿಮೆಂಟ್ ಚೀಲದ ಮೇಲೆ ಕೂತ.

"ಗೌತಮ?"

"ಫೆಬ್ರುವರಿಯಾಗ ಮದುವಿ ಆಗ್ತೀಯೇನು ಅಂತ ಕೇಳಿದ್ದ. ಆಗೂದಿಲ್ಲ ಅಂದೆ. ಆದ್ರೂ ಬಾಜೂಕ ಕುಂತು ನಿನ್ನ ಸಹಿ ಸೈಜ್ ಸಣ್ಣದು ಮಾಡಿ ಕೊಡಾಕತ್ತಾನ."

ಇದನ್ನು ಕೇಳಿ ಅವನಿಗೆ ಗೌತಮನ ಮೇಲೆ ಹೊಸ ಹೊಟ್ಟೆಕಿಚ್ಚು ಶುರುವಾಯಿತು. ಇಷ್ಟು ಒಳ್ಳೆಯವನಾಗಿರಲು ತನಗೇಕೆ ಆಗಲಿಲ್ಲ?

"ಉಮಾ, ನಾನಿಲ್ಲದ ಕಡಿ ನೀ ನಕ್ಕದ್ದು ನನಗ ತಡಕೊಳ್ಳಾಕ ಆಗಲಿಲ್ಲ. ತಪ್ಪಾತು."

"ಓಟಿಪಿ ಮತ್ತ ಬಂತೇನು?"

ಬಂದಿತ್ತು. "ನಾಲ್ಕು," ಅಂದ.

"ಹೂಂ."

"ಸೊನ್ನಿ."

"ಹೂಂ. ಲಗೂನ ಹೇಳು, ಹಿಂಗ್ಯಾಕ ಎಳೀತಿ?"

"ನೀ ಹೂಂ ಅನ್ನೂದು ಕೇಳಿ ನಾಲ್ಕು ತಿಂಗಳಾತು."

ಅವಳು ಬೈಯಲಿಲ್ಲ. ಉಳಿದ ನಾಲ್ಕು ಅಂಕಿಗೂ ಒಂದೊಂದು ಹೂಂ ಬಂತು, ಕಡೆಯದು ತೀರ ಮೆತ್ತಗೆ.

"ಚಾಯ್ಸ್ ಏನು ಹಾಕ್ಲಿ?"

"ನಿಂದು ನೋಡಿ ಕಾಪಿ ಹೊಡಿ."

ಅವಳು ನಕ್ಕಳು. ದುಪಟ್ಟಾ ಬಾಯಿಗೊತ್ತಿದ ನಗು, ಅವನಿಗೆ ಕೇಳಿಯೇ ಗೊತ್ತಾಯಿತು. ಪಕ್ಕದಲ್ಲಿ ಗೌತಮ ಇದ್ದಾನೆ ಅನ್ನುವುದು ನೆನಪಾಗಿ ಎದೆ ಒಂದಿಷ್ಟು ಚುರ್ ಅಂದದ್ದೂ ನಿಜ.

ಐದಕ್ಕೆ ಹತ್ತು ನಿಮಿಷವಿರುವಾಗ, "ಸಬ್ಮಿಟ್ ಆತು" ಅಂದಳು. "ನಾಳೆ ಬಾ. ಬರ್ತಾ ಮಿರ್ಚಿ ತಗೊಂಡು ಬಾ."

"ತರ್ತೀನಿ."

"ಈ ಸಲ ದಾರ್ಯಾಗ ತಿನ್ನಬ್ಯಾಡ."